ಆಚಂದ್ರಾರ್ಕದ ಹೂದೋಟ

ಹಳೆಯ ಕನ್ನಡ ಶಾಸನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ದೇವರ ಪೂಜೆಗೆಂದು ಹೂದೋಟಕ್ಕೆ ಭೂಮಿ ಬಿಟ್ಟರು. ಸೂರ್ಯಚಂದ್ರರಿರುವ ತನಕ ಈ ದಾನ ನಡೆದುಬರಲಿ, ಕೆಡಿಸಿದವರಿಗೆ ಪಾಪ ತಟ್ಟಲಿ ಎಂದೂ ಬರೆಸಿದರು. ಅಂಥ ಎಷ್ಟೋ ಕಡೆ ಈಗ ಕಲ್ಲಿದೆ, ತೋಟವಿಲ್ಲ. ವಿಜಯನಗರದ ಕಥೆಯೂ ಅಷ್ಟೆ. 1443ರಲ್ಲಿ ಅಲ್ಲಿಗೆ ಬಂದ ಹಿರಾತ್‌ನ ರಾಯಭಾರಿ ಅಬ್ದುಲ್ ರಜಾಕ್, ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು, ಈ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂಬರ್ಥದಲ್ಲಿ ಬರೆದಿಟ್ಟ. 1565ರ ಯುದ್ಧದ ನಂತರ ಆ ಪೇಟೆಯೂ ಹಾಳುಬಿತ್ತು.

ಹಾಗಾದರೆ ಬಾಳಿ ಬಂದ ಹೂದೋಟ ಯಾವುದು? ನಮ್ಮ ನಿಮ್ಮ ಹಿತ್ತಲು ಎನ್ನುತ್ತೇನೆ ನಾನು.

ನನ್ನ ತವರು ಕುರುಗೋಡು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದ ಸೋದರತ್ತೆ ನಮ್ಮ ಮನೆಯಲ್ಲಿದ್ದಳು. ದುಂಡುಮಲ್ಲಿಗೆ, ದಾಸವಾಳ, ನಂದಿಬಟ್ಟಲು, ಕನಕಾಂಬರ ಎಲ್ಲ ಅವಳ ಕೈಯವು. ಬೆಳಗಾದರೆ ದೊಡ್ಡಬಸವೇಶ್ವರನಿಗೆ ಒಂದು ಬುಟ್ಟಿ ಹೂವು, ಓಣಿಯ ಮುತ್ತೈದೆಯರಿಗೆ ಒಂದೊಂದು ಮೊಳ. ಅವಳ ತಲೆಗೆ ಮಾತ್ರ ಒಂದು ಎಸಳೂ ಇಲ್ಲ. ನಾನು ಕೇಳಿದರೆ, “ಮುಡಿಯಾಕ ಬ್ಯಾಡ ಅಂದಾರವ್ವ, ನೀರು ಹಾಕಾಕ ಯಾರೂ ಬ್ಯಾಡ ಅಂದಿಲ್ಲ” ಎಂದು ನಗುತ್ತಿದ್ದಳು.

ನೌಕರಿ ಸಿಕ್ಕಿ ಸಿರುಗುಪ್ಪಕ್ಕೆ ಹೊರಟಾಗ ಅತ್ತೆ ಒದ್ದೆ ಬಟ್ಟೆಯಲ್ಲಿ ಮಲ್ಲಿಗೆ ಕಡ್ಡಿ ಸುತ್ತಿಕೊಟ್ಟಳು. ತುಂಗಭದ್ರೆಯ ಕಾಲುವೆ ಬಂದು ಭತ್ತದ ಸೀಮೆಯಾದ ಊರು ಅದು. ನೀರಿಗೇನು ಕಡಿಮೆ ಎನ್ನಬಹುದು. ಆದರೆ ಎರೆ ನೆಲದ ಗುಣವೇ ಬೇರೆ. ಬೇಸಿಗೆಯಲ್ಲಿ ಬಿರಿದು ಎಳೆಯ ಬೇರನ್ನು ಹರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿದು ಕೊಳೆಸುತ್ತದೆ. ಒಂದೂವರೆ ಅಡಿ ಗುಂಡಿ ತೆಗೆಸಿ, ಮಸಾರಿ ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿ, ಪಾತಿ ಎತ್ತರಿಸಿದ ಮೇಲೆ ಕಡ್ಡಿ ಚಿಗುರಿತು.

ಮುಂದೆ ಬಳ್ಳಾರಿಯಲ್ಲಿ ಸ್ವಂತ ಮನೆಯಾದಾಗ ಕಾಗದದ ಮೇಲೆ ತೋಟದ ನಕ್ಷೆ ಬರೆದೆ. ಹತ್ತಾರು ವರ್ಷ ಬಾಳುವ ಗಿಡಗಳನ್ನು ಒಮ್ಮೆ ನೆಟ್ಟರೆ ಕದಲಿಸಲಾಗದು. ಬಿಸಿಲು ಎಲ್ಲಿ ಎಷ್ಟು ಹೊತ್ತು ಎಂದು ಮೊದಲೇ ನೋಡಬೇಕು. ಮಲ್ಲಿಗೆಗೆ ತುಂಬು ಬಿಸಿಲು. ಕನಕಾಂಬರಕ್ಕೆ ದಾಸವಾಳದ ಮಗ್ಗುಲಿನ ಅರೆನೆರಳು. ಕಣಗಿಲೆ ಎಂಥ ಬಿಸಿಲಿಗೂ ಜಗ್ಗದು, ಆದರೆ ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಮಕ್ಕಳ, ದನಕರುಗಳ ಬಾಯಿಗೆ ಸಿಗದ ಮೂಲೆಯಲ್ಲಿರಲಿ. ಮಲ್ಲಿಗೆಗೆ ಡಿಸೆಂಬರ್ ಹೊತ್ತಿಗೆ ಕೆಲವು ದಿನ ನೀರು ನಿಲ್ಲಿಸಿ ಕತ್ತರಿ ಹಾಕಿದರೆ ಬೇಸಿಗೆಯಲ್ಲಿ ಗಿಡದ ತುಂಬ ಮೊಗ್ಗು.

ಕಾಂಪೌಂಡಿನ ಮೇಲೆ ಕಾಗದದ ಹೂ. ನೀರು ಕಡಿಮೆಯಾದಷ್ಟೂ ಹೆಚ್ಚು ಅರಳುವ ಇದು ನಮ್ಮೂರಿಗೇ ಹೇಳಿ ಮಾಡಿಸಿದ ಗಿಡ. ಆದರೆ ಇದರ ತವರು ದಕ್ಷಿಣ ಅಮೆರಿಕ. 1767ರಲ್ಲಿ ಬ್ರೆಜಿಲ್‌ನಲ್ಲಿ ಇದನ್ನು ಸಂಗ್ರಹಿಸಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕಾಮರ್ಸನ್, ಹಡಗಿನ ನಾಯಕ ಬೂಗನ್‌ವಿಲ್‌ನ ಹೆಸರಿಟ್ಟ. ಆ ಹಡಗುಗಳಿಗೆ ಹೆಂಗಸರು ಹತ್ತುವಂತಿರಲಿಲ್ಲ. ಜಾನ್ ಬಾರೆ ಎಂಬಾಕೆ ಗಂಡಸಿನ ವೇಷ ತೊಟ್ಟು ಅವನ ಸಹಾಯಕಳಾಗಿ ಹೋಗಿ ಗಿಡಮೂಲಿಕೆ ಹೊತ್ತಳು; ಭೂಮಿಯನ್ನು ಸುತ್ತಿಬಂದ ಮೊದಲ ಮಹಿಳೆಯಾದಳು. ಒಂದು ಗಿಡಕ್ಕೆ ಅವಳ ಹೆಸರು ಇಟ್ಟದ್ದು 2012ರಲ್ಲಿ! ಅದನ್ನು ಓದಿದಾಗ ನನಗೆ ಅತ್ತೆ ನೆನಪಾದಳು.

ಬೀಜದಿಂದ ಹುಟ್ಟಿದ್ದು ತಾಯಿಗಿಡದ ಮಗಳು. ಕಡ್ಡಿಯಿಂದ ಬಂದದ್ದು ತಾಯಿಗಿಡವೇ. ಅತ್ತೆ ಈಗಿಲ್ಲ, ಕುರುಗೋಡಿನ ಹಿತ್ತಲಲ್ಲಿ ಕೋಣೆಗಳೆದ್ದಿವೆ. ಆದರೂ ಅವಳು ನೀರೆರೆದ ಅದೇ ಮಲ್ಲಿಗೆ ಸಿರುಗುಪ್ಪದ ಗೆಳತಿಯರ ಮನೆಗಳಲ್ಲಿ, ಬಳ್ಳಾರಿಯ ನಮ್ಮ ಓಣಿಯಲ್ಲಿ ಅರಳುತ್ತಿದೆ. ರಾಜರ ತೋಟಗಳಿಗೆ ಇಲ್ಲದ ಆಯಸ್ಸು ಇದಕ್ಕೆ ಬಂದದ್ದು ಹೆಂಗಸರು ಕೈಯಿಂದ ಕೈಗೆ ದಾಟಿಸಿದ್ದರಿಂದ.

ನಮ್ಮ ಮನೆಯಲ್ಲಿ ಅರಿಶಿನ ಕುಂಕುಮದ ದಿನ ಬಂದ ಎಲ್ಲರಿಗೂ ಮಾಲೆ ಕೊಡುತ್ತೇನೆ. ಗಂಡನನ್ನು ಕಳೆದುಕೊಂಡ ನನ್ನ ಓರಗಿತ್ತಿ ಮೊದಲ ವರ್ಷ ಕೈ ಹಿಂದಕ್ಕೆಳೆದುಕೊಂಡಳು. ಮರುವರ್ಷ ತೆಗೆದುಕೊಂಡು ದೇವರ ಮುಂದಿಟ್ಟಳು. ಮೂರನೆಯ ವರ್ಷ ಮುಡಿದಳು. ಹಿರಿಯರೊಬ್ಬರು ಮುಖ ಗಂಟಿಕ್ಕಿದರು. ನಾನು ಅವರಿಗೂ ಒಂದು ಮೊಳ ಕೊಟ್ಟೆ. ಹುಟ್ಟಿದಾಗಿನಿಂದ ಮುಡಿದ ಹೂವನ್ನು ತಾಳಿಯ ಜೊತೆಗೆ ಕಿತ್ತುಕೊಳ್ಳುವುದು ಯಾವ ನ್ಯಾಯ, ನೀವೇ ಹೇಳಿ. ಹೋಗುವಾಗ ಓರಗಿತ್ತಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಇಷ್ಟೇ: “ಅಕ್ಕಾ, ಮೃಗಶಿರಾ ಮಳಿಗೆ ನನಗೂ ಎರಡು ಕಡ್ಡಿ ಕೊಡ್ತೀರಾ?”