ವಸತಿಗೃಹದಿಂದ ಹಣಕಾಸು ಖಾತೆಗೆ: ಅಣ್ಣಾಸಾಹೇಬ ಲಠ್ಠೆ

ಬ್ರಿಟಿಷರ ಕಾಲದಲ್ಲಿ ನಮ್ಮ ಭಾಗದ ಕಿತ್ತೂರು, ಬೈಲಹೊಂಗಲಗಳು ಸಂಪಗಾಂವಿ ತಾಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲೂಕಿಗೆ ಸೇರಿತ್ತು. ದೊಡ್ಡ ವ್ಯಾಜ್ಯವೆಂದರೆ ನಮ್ಮ ಹಿರಿಯರು ಬೆಳಗಾವಿಯ ಕೋರ್ಟಿನ ಕಟ್ಟೆ ಹತ್ತಬೇಕಿತ್ತು. ಆ ಬೆಳಗಾವಿಯ ವಕೀಲರೊಬ್ಬರು 1937ರಲ್ಲಿ ಇಡೀ ಮುಂಬಯಿ ಪ್ರಾಂತದ ಹಣಕಾಸು ಸಚಿವರಾದರು. ಅವರೇ ಅಣ್ಣಪ್ಪ ಬಾಬಾಜಿ ಲಠ್ಠೆ, ಜನರ ಬಾಯಲ್ಲಿ ಅಣ್ಣಾಸಾಹೇಬರು.

1878ರಲ್ಲಿ ಕುರುಂದವಾಡದಲ್ಲಿ ಹುಟ್ಟಿದ ಲಠ್ಠೆಯವರು ಎಂ.ಎ., ಎಲ್‌ಎಲ್.ಬಿ. ಓದಿದವರು. 1899ರಲ್ಲಿ ನಿಪ್ಪಾಣಿ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿದಾಗ ಮುಂದಾಳುಗಳಲ್ಲಿ ಅವರೂ ಒಬ್ಬರು. ನಮ್ಮ ಸೀಮೆಯ ಜೈನರಲ್ಲಿ ಬಹುಪಾಲು ಒಕ್ಕಲುತನದವರು. ಮಗನನ್ನು ಪೇಟೆಯ ಸಾಲೆಗೆ ಕಳಿಸಬೇಕೆಂದರೆ ಫೀಗಿಂತ ಮೊದಲು ಊಟ, ವಸತಿಯ ಚಿಂತೆ. ಇದನ್ನು ಬಲ್ಲ ಸಭೆ ಕೊಲ್ಲಾಪುರದಲ್ಲಿ ವಿದ್ಯಾರ್ಥಿಗಳಿಗೆ ಬೋರ್ಡಿಂಗ್ ತೆರೆಯಿತು. ಅದರ ಹೊಣೆ ಹೊತ್ತವರು ಅಲ್ಲಿನ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕ ಲಠ್ಠೆ.

1914ರಲ್ಲಿ ಅವರ ಬದುಕು ತಿರುವು ಪಡೆಯಿತು. ಕೊಲ್ಲಾಪುರದಲ್ಲಿ ಬ್ರಿಟಿಷ್ ದೊರೆಯ ಪುತ್ಥಳಿಗೆ ಯಾರೋ ಡಾಂಬರು ಬಳಿದರು. ಸಂಶಯ ಲಠ್ಠೆಯವರ ಮೇಲೆ ಬಂತು. ಅವರ ವಿರುದ್ಧ ಸುಳ್ಳು ಸಾಕ್ಷಿ ಹೇಳೆಂದು ಬೋರ್ಡಿಂಗಿನ ಹಳೆಯ ವಿದ್ಯಾರ್ಥಿ ಭಾವುರಾವ ಪಾಟೀಲರನ್ನು ಪೊಲೀಸರು ಹಿಂಸಿಸಿದರೂ ಅವರು ಬಗ್ಗಲಿಲ್ಲ. ಮುಂದೆ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರರು ಇವರೇ. ಲಠ್ಠೆಯವರು ಕೊಲ್ಲಾಪುರ ಬಿಟ್ಟು ಬೆಳಗಾವಿಯಲ್ಲಿ ವಕೀಲಿ ಹೂಡಿದರು. ಆದರೂ ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಲಿಲ್ಲ. ಕೊಲ್ಲಾಪುರದ ದೊರೆ ಶಾಹೂ ಮಹಾರಾಜರು ತೀರಿಕೊಂಡ ಮೇಲೆ, 1924ರಲ್ಲಿ, ಅವರ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. 1926ರಲ್ಲಿ ಅದೇ ಕೊಲ್ಲಾಪುರ ಸಂಸ್ಥಾನ ಲಠ್ಠೆಯವರನ್ನು ದಿವಾನರನ್ನಾಗಿ ಕರೆಸಿಕೊಂಡಿತು.

1937ರ ಜುಲೈಯಲ್ಲಿ ಬಾಳಾಸಾಹೇಬ ಖೇರರ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ಹಣಕಾಸು ಖಾತೆ ಲಠ್ಠೆಯವರ ಪಾಲಿಗೆ ಬಂತು. ಪಾನನಿರೋಧ ಕಾಂಗ್ರೆಸ್ಸಿನ ವಚನ. ಆದರೆ ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ಒಂದು ದೊಡ್ಡ ಆಧಾರ. ಹೆಂಡದ ಹಣ ಹೋದರೆ ಸಾಲೆ, ದವಾಖಾನೆಗಳಿಗೆ ಎಲ್ಲಿಂದ ತರುವುದು? ಲಠ್ಠೆಯವರು ಪಟ್ಟಣದ ಸ್ಥಿರಾಸ್ತಿಗಳ ಮೇಲೆ ತೆರಿಗೆ ಹಾಕಿದರು. ಆಸ್ತಿವಂತರು ಕೂಗೆಬ್ಬಿಸಿದರೂ ಹಿಂಜರಿಯಲಿಲ್ಲ. 1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿರೋಧ ಜಾರಿಗೆ ಬಂತು. ಕೂಲಿಯವನ ಗಡಂಗಿನ ದುಡ್ಡಿನಿಂದ ಸರ್ಕಾರ ನಡೆಸುವುದಕ್ಕಿಂತ ಉಳ್ಳವರಿಂದ ಪಡೆಯುವುದು ನ್ಯಾಯವೆಂಬ ಲೆಕ್ಕ ಆ ತೆರಿಗೆಯಲ್ಲಿತ್ತು. ಆ ವರ್ಷವೇ, ಎರಡನೆಯ ಮಹಾಯುದ್ಧದ ಪ್ರಶ್ನೆಯ ಮೇಲೆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು.

ಲಠ್ಠೆಯವರು 1950ರಲ್ಲಿ ತೀರಿಕೊಂಡರು. ಸಾಂಗಲಿಯಲ್ಲಿ ಅವರ ಹೆಸರಿನ ಶಿಕ್ಷಣ ಸಂಸ್ಥೆ ಇದೆ. ಬೋರ್ಡಿಂಗಿನ ಅಡುಗೆಮನೆಗಾಗಲಿ ಪ್ರಾಂತದ ಮುಂಗಡಪತ್ರಕ್ಕಾಗಲಿ ಅವರು ಅನ್ವಯಿಸಿದ ನಿಯಮ ಒಂದೇ: ಒಳ್ಳೆಯ ಕೆಲಸ ಹಿಡಿದವನು ಅದಕ್ಕೆ ಬೇಕಾದ ಹಣವನ್ನೂ ನ್ಯಾಯವಾಗಿ ಹೊಂದಿಸಬೇಕು. ಸಹಕಾರಿ ಸಂಘ, ವಸತಿನಿಲಯ, ಸಾಲೆಗಳನ್ನು ನಡೆಸುತ್ತಿರುವ ನಮ್ಮ ಭಾಗದ ಎಲ್ಲ ಆಡಳಿತ ಮಂಡಳಿಗಳೂ ಇದನ್ನು ಮನದಲ್ಲಿಟ್ಟುಕೊಳ್ಳಬೇಕು. ಹಳ್ಳಿಯಿಂದ ಬಂದ ಒಬ್ಬ ಬಡ ವಿದ್ಯಾರ್ಥಿಯ ಊಟ, ವಸತಿಯ ಹೊಣೆಯನ್ನಾದರೂ ಅಣ್ಣಾಸಾಹೇಬರ ಹೆಸರಿನಲ್ಲಿ ಪ್ರತಿವರ್ಷ ಹೊತ್ತರೆ ಅವರಿಗೆ ನಾವು ಸಲ್ಲಿಸುವ ಗೌರವ ಸಾರ್ಥಕವಾಗುತ್ತದೆ.