ಗದ್ದಿಗೆಯಲ್ಲಿ ಇಲ್ಲದವರು

ಹಳೆಯ ಸಮಾಧಿಗಳನ್ನು ಕಂಡರೆ ನಿಂತು ನೋಡದೆ ಮುಂದೆ ಹೋಗಲಾರದ ನನ್ನ ಅಭ್ಯಾಸ ಬಂಧುಗಳಿಗೆಲ್ಲ ತಿಳಿದದ್ದೇ. ಮದುವೆಗೆಂದು ಹೊರಟವರು ದಾರಿಯಲ್ಲಿ ಮಸಣ ನೋಡಿಕೊಂಡು ಬರುವುದು ಯಾವ ಶಾಸ್ತ್ರವೆಂದು ನನ್ನ ತಂಗಿ ಆಕ್ಷೇಪಿಸಿದ್ದುಂಟು. ನನ್ನೊಡನೆ ಮಡಿಕೇರಿಯ ಗದ್ದಿಗೆಗೆ ಬಂದ ವಿದ್ಯಾರ್ಥಿಗಳಿಗಂತೂ ಇದು ಹೊಸ ಸಂಗತಿಯಲ್ಲ. ಇತಿಹಾಸದ ಪಾಠವೆಂದರೆ ಇಸವಿಗಳ ಪಟ್ಟಿ ಎಂದು ಮಕ್ಕಳು ನಂಬಿದ್ದ ಕಾಲದಲ್ಲಿ, ಹಾಲೇರಿ ಅರಸರ ಪಾಠ ಬಂದಾಗಲೆಲ್ಲ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅವರನ್ನು ಅಲ್ಲಿಗೆ ನಡೆಸಿಕೊಂಡು ಹೋಗುತ್ತಿದ್ದೆ. ಹೀಗೆ ಹೋದ ಒಂದು ವರ್ಷ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂರೂ ಕಟ್ಟಡಗಳನ್ನು ಸುತ್ತಿ ಬಂದು, "ಸರ್, ಕೊನೆಯ ರಾಜನದು ಎಲ್ಲಿ?" ಎಂದು ಕೇಳಿದಳು. ಆಗ ಎರಡು ವಾಕ್ಯಗಳಲ್ಲಿ ಉತ್ತರ ಕೊಟ್ಟೆ. ಇಂದು ಸ್ವಲ್ಪ ವಿಸ್ತಾರವಾಗಿ ಬರೆಯುವ ಮನಸ್ಸಾಗಿದೆ.

ನೋಡದವರಿಗಾಗಿ ಮೊದಲು ಸ್ಥಳದ ಪರಿಚಯ. ಮಡಿಕೇರಿಯ ಮಹದೇವಪೇಟೆಯ ಮೇಲಿನ ದಿಣ್ಣೆಯಲ್ಲಿ ಗದ್ದಿಗೆ ಇದೆ. ಪೇಟೆಗೆ ಆ ಹೆಸರು ಬಂದದ್ದು ದೊಡ್ಡ ವೀರರಾಜೇಂದ್ರನ ರಾಣಿ ಮಹದೇವಮ್ಮಾಜಿಯಿಂದ. ನಡುವಿನ ದೊಡ್ಡ ಕಟ್ಟಡದಲ್ಲಿ 1809ರಲ್ಲಿ ತೀರಿಕೊಂಡ ಆ ಅರಸನೂ ಅವನಿಗಿಂತ ಮೊದಲೇ ಗತಿಸಿದ ಆ ರಾಣಿಯೂ ಇದ್ದಾರೆ. ಪಕ್ಕದಲ್ಲಿ ಅವನ ತಮ್ಮ ಲಿಂಗರಾಜೇಂದ್ರನ ಸಮಾಧಿ; ಅದನ್ನು 1820ರಲ್ಲಿ ಕಟ್ಟಿಸಿದವನು ಅವನ ಮಗ ಚಿಕ್ಕವೀರರಾಜೇಂದ್ರ. ಮೂರನೆಯದು ರಾಜಗುರು ರುದ್ರಪ್ಪನವರದು, 1834ರದು. ದೂರದಿಂದ ಕಂಡವರು ಇದನ್ನು ಮಸೀದಿಯೆಂದು ಭ್ರಮಿಸುತ್ತಾರೆ. ನಡುವೆ ಗುಮ್ಮಟ, ಮೂಲೆಗಳಲ್ಲಿ ಗೋಪುರಗಳು. ಹತ್ತಿರ ಹೋಗಿ ತಲೆಯೆತ್ತಿದರೆ ಮಾತ್ರ ಮೂಲೆಮೂಲೆಯಲ್ಲಿ ಕುಳಿತ ನಂದಿಗಳು ಕಾಣುತ್ತವೆ. ಕಿಟಕಿಗಳ ಸರಳುಗಳು ಹಿತ್ತಾಳೆಯವು. ಅವುಗಳ ಸುತ್ತಲಿನ ಕಲ್ಲಿನ ಕೆತ್ತನೆಯನ್ನು ನೋಡಲು ಪುರುಸೊತ್ತು ಬೇಕು. ಟಿಪ್ಪುವಿನೊಡನೆ ಜೀವಮಾನವಿಡೀ ಕಾದಾಡಿದ ಮನೆತನವು ತನ್ನ ಸತ್ತವರಿಗೆ ಮುಸ್ಲಿಂ ಶೈಲಿಯ ಗುಮ್ಮಟಗಳನ್ನು ಕಟ್ಟಿಸಿತು! ಯುದ್ಧ ಬೇರೆ, ಕಟ್ಟಡದ ಅಭಿರುಚಿ ಬೇರೆ ಎಂಬುದು ಆ ಕಾಲದವರಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ.

"ಗದ್ದಿಗೆ" ಎಂಬ ಮಾತನ್ನು ತುಸು ಗಮನಿಸಬೇಕು. ಅರಸು ಕೂರುವ ಪೀಠವೂ ಗದ್ದಿಗೆಯೇ, ವೀರಶೈವರ ಸಮಾಧಿಯೂ ಗದ್ದಿಗೆಯೇ. ಹಾಲೇರಿ ಅರಸರು ವೀರಶೈವರು. ನಮ್ಮ ಮನೆತನವೂ ಅದೇ ಪದ್ಧತಿಯದಾದ್ದರಿಂದ ಕ್ರಿಯಾಸಮಾಧಿಯನ್ನು ಹತ್ತಿರದಿಂದ ಬಲ್ಲೆ. ಸತ್ತವರನ್ನು ಮಲಗಿಸುವುದಿಲ್ಲ, ಕುಳ್ಳಿರಿಸುತ್ತಾರೆ. ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಿಲ್ವಪತ್ರೆ ವಿಭೂತಿಗಳೊಡನೆ ಮಣ್ಣು ಮುಚ್ಚುತ್ತಾರೆ. ಗುಮ್ಮಟದ ಕೆಳಗೆ ನಿಂತಾಗಲೆಲ್ಲ ನನಗೆ ನೆನಪಾಗುವುದು ಇದು: ಈ ಕಲ್ಲಿನಡಿಯ ಅರಸ ಇನ್ನೂ ಕುಳಿತೇ ಇದ್ದಾನೆ.

ಹಾಗೆಂದು ಅಲ್ಲಿ ಭಕ್ತಿಯಿಂದ ಕರಗಿಹೋಗುವವನು ನಾನಲ್ಲ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಕಟ್ಟಿದ ದೊಡ್ಡ ವೀರರಾಜೇಂದ್ರನೇ, ರಾಣಿಯ ಮರಣದ ತರುವಾಯ ಬುದ್ಧಿ ಸ್ಥಿಮಿತ ತಪ್ಪಿ ಹಲವರನ್ನು ಕೊಲ್ಲಿಸಿದ. ಗಂಡುಮಕ್ಕಳಿಲ್ಲದ ಅವನು ತನ್ನ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಬಯಸಿದ್ದ. ಪಟ್ಟವೇನೋ ಆಯಿತು, ಆದರೆ ಚಿಕ್ಕಪ್ಪ ಲಿಂಗರಾಜೇಂದ್ರ ಮೊದಲು ಅವಳ ಹೆಸರಿನಲ್ಲಿ ಆಳಿ, 1811ರಲ್ಲಿ ತಾನೇ ಅರಸನೆಂದು ಸಾರಿಕೊಂಡ. ಅವನ ಮಗನ ಕಾಲದಲ್ಲಿ ರಾಜಬಂಧುಗಳ ಕೊಲೆಗಳು ನಡೆದವು. ಜರ್ಮನ್ ಮಿಷನರಿ ಮೋಗ್ಲಿಂಗ್ 1855ರ ತನ್ನ ಪುಸ್ತಕದಲ್ಲಿ ಅವುಗಳ ವಿವರ ಬರೆದಿದ್ದಾನೆ. ತಂದೆಗೆ ಇಷ್ಟು ಚೆಂದದ ಗುಮ್ಮಟ ಕಟ್ಟಿಸಿದ ಕೈಯೇ ಆ ಆಜ್ಞೆಗಳನ್ನೂ ಹೊರಡಿಸಿತು. ಕೊಲೆಯಾದ ಆ ಬಂಧುಗಳಿಗೆ ಗದ್ದಿಗೆಯಲ್ಲಿ ಗುಮ್ಮಟವಿಲ್ಲ.

ಆವರಣದ ಬಳಿ ಇನ್ನೆರಡು ಸಮಾಧಿಗಳಿವೆ, ಬಹಳ ಮಂದಿ ಅವನ್ನು ನೋಡದೆ ಹಿಂದಿರುಗುತ್ತಾರೆ. ಒಂದು ಟಿಪ್ಪುವಿನ ಸೇನೆಯೊಡನೆ ಹೋರಾಡಿ ಮಡಿದ ದಂಡನಾಯಕ ಬಿದ್ದಂಡ ಬೋಪುವಿನದು, ಇನ್ನೊಂದು ಅವನ ಮಗ ಸೋಮಯ್ಯನದು. ಅರಸನಿಗಾಗಿ ಪ್ರಾಣ ಕೊಟ್ಟವನಿಗೆ ಅರಸನ ಹತ್ತಿರ ಸ್ಥಳ ಸಿಕ್ಕಿತು. ಈ ಸೌಭಾಗ್ಯ ಗುಡ್ಡೆಮನೆ ಅಪ್ಪಯ್ಯ ಗೌಡನಿಗೆ ದೊರೆಯಲಿಲ್ಲ. ಅರಸುತನ ಹೋದ ಮೂರು ವರ್ಷಗಳಲ್ಲಿ ಎದ್ದ 1837ರ ಬಂಡಾಯದಲ್ಲಿ ಪಾಲ್ಗೊಂಡ ಅವನನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಕಂಪನಿ ಸರಕಾರ ಗಲ್ಲಿಗೇರಿಸಿತು. ಈಗ ಊರಿನಲ್ಲಿ ಅವನ ಪ್ರತಿಮೆ ಇದೆ. ಪ್ರತಿಮೆಯ ಮುಂದೆ ಹಾರ ಹಾಕಬಹುದು, ಭಾಷಣ ಮಾಡಬಹುದು. ಆದರೆ ಸಮಾಧಿಯ ಮುಂದೆ ಸುಮ್ಮನೆ ನಿಂತಂತೆ ಅಲ್ಲಿ ನಿಲ್ಲಲಾಗದು. ಈ ಎರಡರ ವ್ಯತ್ಯಾಸ ನನಗೆ ವಯಸ್ಸಾದಂತೆ ಹೆಚ್ಚು ಸ್ಪಷ್ಟವಾಗುತ್ತಿದೆ.

ಈಗ ಆ ಹುಡುಗಿಯ ಪ್ರಶ್ನೆ. 1834ರ ಏಪ್ರಿಲ್ ತಿಂಗಳಲ್ಲಿ ಕಂಪನಿಯ ಸೇನೆ ಮಡಿಕೇರಿ ಕೋಟೆಯನ್ನು ಹೊಕ್ಕಿತು, ಚಿಕ್ಕವೀರರಾಜೇಂದ್ರ ಶರಣಾದ, ಮೇ 7ರಂದು ಕೊಡಗು ಕಂಪನಿಯ ವಶವಾಯಿತು. ಗುರುವಿನ ಗದ್ದಿಗೆಯ ಇಸವಿಯೂ ಅದೇ ಎಂಬುದನ್ನು ನೆನಪಿಡಿ. ಆ ದಿಣ್ಣೆಯಲ್ಲಿ ಹಾಲೇರಿಯವರ ಕಾಲ ಮುಗಿದದ್ದು ಅಲ್ಲಿಗೆ. ಅರಸನನ್ನು ಕಾಶಿಗೆ ಕಳುಹಿಸಿದರು. ಕಂಪನಿಯಲ್ಲಿ ತೊಡಗಿಸಿದ್ದ ತನ್ನ ಮನೆತನದ ಹಣವನ್ನು ನ್ಯಾಯಾಲಯದ ಮೂಲಕ ಪಡೆಯಬೇಕೆಂದು ಅವನು 1852ರಲ್ಲಿ ಇಂಗ್ಲೆಂಡಿಗೆ ಹೋದ. ಮೊಕದ್ದಮೆ ಎಳೆಯಿತು, ಆಯುಸ್ಸು ಮುಗಿಯಿತು. 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಅವನನ್ನು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಹೂಳಿದರು. ತಂದೆಯ ಗದ್ದಿಗೆಯನ್ನು ಕಟ್ಟಿಸುವಾಗ ಅದರ ಪಕ್ಕದಲ್ಲಿ ತನಗೂ ಒಂದು ಜಾಗವೆಂದು ಅವನು ಎಣಿಸದೆ ಇದ್ದಾನೆಯೇ? ಅವನ ಕ್ರೌರ್ಯವನ್ನು ನಾನು ಮರೆಮಾಚಲಾರೆ. ಮಾಸ್ತಿಯವರೂ "ಚಿಕವೀರ ರಾಜೇಂದ್ರ"ದಲ್ಲಿ ಮರೆಮಾಚಲಿಲ್ಲ. ಆದರೂ ಗದ್ದಿಗೆಯ ಹುಲ್ಲುಹಾಸಿನ ಬರಿಯ ಜಾಗವನ್ನು ನೋಡುವಾಗ ನನ್ನ ಮನಸ್ಸು ಹೋಗುವುದು ಗುಮ್ಮಟದ ಕೆಳಗಿನವರ ಕಡೆಗಲ್ಲ, ಅವನ ಕಡೆಗೆ.

ಇದಕ್ಕೆ ನನ್ನದೇ ಆದ ಕಾರಣವೊಂದಿದೆ. ನನ್ನ ತಂದೆಯನ್ನು ಕುಳ್ಳಿರಿಸಿ ಮಣ್ಣು ಕೊಟ್ಟ ಹೊಲದಂಚು ಇಂದು ಹಾರಂಗಿ ಜಲಾಶಯದ ನೀರಿನಡಿಯಲ್ಲಿದೆ. 1982ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ನಮ್ಮವರು ಮನೆಯ ಹೆಂಚು, ಬಾಗಿಲು, ತೊಲೆಗಳನ್ನು ಗಾಡಿಗೆ ಹೇರಿಕೊಂಡು ಬಂದಿದ್ದರು. ಗದ್ದಿಗೆಯನ್ನು ಹೇರಿಕೊಂಡು ಬರುವ ಬಗೆ ಯಾರಿಗೂ ತಿಳಿಯಲಿಲ್ಲ. ಹೊರಡುವ ದಿನ ನನ್ನ ತಾಯಿ ಅಲ್ಲಿಯ ಒಂದು ಹಿಡಿ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಹೊಸ ಮನೆಯ ಬಿಲ್ವದ ಸಸಿಯ ಬುಡಕ್ಕೆ ಅದನ್ನು ಹಾಕಿದಳು. ಅಣೆಕಟ್ಟಿನ ನೀರಿನಿಂದ ಬಯಲಿನ ಗದ್ದೆಗಳು ಹಸಿರಾದುದನ್ನು ಕಂಡು ಸಂತೋಷಪಟ್ಟವನು ನಾನೂ ಹೌದು, ಇದರಲ್ಲಿ ದೂರಲು ಏನೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಹೋಗಿ ಹೂವಿಟ್ಟು ಬರಲು ನನಗೆ ಸ್ವಂತದ ಒಂದು ಸ್ಥಳವಿಲ್ಲ. ಅನ್ಯರ ಸಮಾಧಿಗಳ ಬಳಿ ನಾನು ಅಷ್ಟು ಹೊತ್ತು ನಿಲ್ಲುವುದೇಕೆಂದು ಕೇಳುವ ತಂಗಿಗೆ ಇದು ತಿಳಿಯದ ವಿಷಯವೇನಲ್ಲ.

ಕೊಡವ ಸ್ನೇಹಿತರನ್ನು ಕಂಡು ಈ ವಿಷಯದಲ್ಲಿ ನಾನು ಅಸೂಯೆಪಟ್ಟದ್ದುಂಟು. ಅವರ ಒಕ್ಕಗಳಿಗೆ ತಮ್ಮದೇ ಆದ ತೂಟೆಂಗಳ, ಅಂದರೆ ಮಸಣಭೂಮಿ, ಇರುತ್ತದೆ. ಐನ್‌ಮನೆಯ ಹತ್ತಿರದ ಕೈಮಡದಲ್ಲಿ ಮೂಲಪುರುಷನಾದ ಕಾರಣನಿಗೆ ಎಡೆಯಿಡುತ್ತಾರೆ. ಸತ್ತವನ ಹೆಸರು ಕಲ್ಲಿನ ಮೇಲೆ ಇರಬೇಕೆಂಬ ಹಟ ಅಲ್ಲಿಲ್ಲ; ಒಕ್ಕ ಇದ್ದರೆ ಅವನೂ ಇದ್ದಾನೆ. ಇನ್ನೂ ಹಿಂದಕ್ಕೆ ಹೋದರೆ ವಿರಾಜಪೇಟೆಯ ಸುತ್ತಿನ, ಸೋಮವಾರಪೇಟೆ ಬಳಿಯ ದೊಡ್ಡಮಳ್ತೆಯ ಕಲ್ಗೋರಿಗಳು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಈ ಕಲ್ಲಿನ ಪೆಟ್ಟಿಗೆಗಳನ್ನು 1860ರ ದಶಕದ ಕೊನೆಯಲ್ಲಿ ಇಂಗ್ಲಿಷ್ ಅಧಿಕಾರಿಗಳು ಅಗೆಸಿದಾಗ ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು ದೊರೆತವು. ಹೂಳಿಸಿಕೊಂಡವರ ಹೆಸರು ಹಾಗಿರಲಿ, ಅವರು ಆಡುತ್ತಿದ್ದ ಭಾಷೆ ಯಾವುದೆಂದೂ ಯಾರೂ ಅರಿಯರು. ನಮ್ಮ ಜನ ಅವನ್ನು ಪಾಂಡವರ ಹೆಸರಿನಿಂದ ಕರೆದು ಅನಾಥರನ್ನು ಒಂದು ದೊಡ್ಡ ಮನೆತನಕ್ಕೆ ಸೇರಿಸಿಬಿಟ್ಟಿದ್ದಾರೆ. ಇದು ಇತಿಹಾಸವಲ್ಲ, ಆದರೆ ಔದಾರ್ಯ.

ಕೊನೆಯ ಅರಸನ ಕತೆಯಲ್ಲಿ ಒಬ್ಬಳು ಉಳಿದಳು. ಅವನ ಮಗಳು ಗೌರಮ್ಮ 1841ರಲ್ಲಿ ಕಾಶಿಯಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲೇ ತಂದೆಯೊಡನೆ ಹಡಗು ಹತ್ತಿದಳು. 1852ರ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿ ವಿಕ್ಟೋರಿಯಾ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಅವಳನ್ನು ಇಂಗ್ಲಿಷ್ ಕುಟುಂಬಗಳಲ್ಲಿ ಬೆಳೆಸಲಾಯಿತು. ತಂದೆಯನ್ನು ಕಾಣುವುದಕ್ಕೂ ನಿರ್ಬಂಧಗಳಿದ್ದವು. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಪ್‌ಬೆಲ್ಲನನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ಕೊಡಗನ್ನು ಅವಳು ಒಮ್ಮೆಯೂ ನೋಡಲಿಲ್ಲ.

ಅಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ನನ್ನ ಕೋರಿಕೆಯಂತೆ ಹುಡುಕಿಕೊಂಡು ಹೋಗಿ ಚಿತ್ರ ತೆಗೆದು ಕಳುಹಿಸಿದ. ಅಕ್ಷರಗಳನ್ನು ಓದಲು ಭೂತಗನ್ನಡಿ ಹಿಡಿಯಬೇಕಾಯಿತು; ಕೊಡಗಿನ ಹೆಸರು ಸಿಕ್ಕಿತು. ಬರಿಗೈಯಲ್ಲಿ ಹೋಗಬಾರದೆಂದು ತೋರಿ ಹೂವಿನಂಗಡಿಯಲ್ಲಿ ಸಂಪಿಗೆ ಕೇಳಿದೆ, ಸಿಗಲಿಲ್ಲ, ಬಿಳಿ ಸೇವಂತಿಗೆ ಇಟ್ಟು ಬಂದೆ ಎಂದು ಬರೆದಿದ್ದ. ಲಂಡನ್ನಿನಲ್ಲಿರುವ ಉಳಿದವರೂ ಬಿಡುವಾದಾಗ ಹೋಗಿ ಬನ್ನಿ. ಹೋದವರು ನನಗೊಂದು ಸಾಲು ಬರೆಯಿರಿ. ಕಲ್ಲಿನ ಮೇಲೆ ಪಾಚಿ ಹೆಚ್ಚಾಗಿದೆಯೋ ಹೇಗೆ ಎಂಬುದನ್ನು ತಿಳಿಯುವ ಆಸೆ.