ಕಲ್ನಾರಿನ ದಾವೆ ಲಂಡನ್ನಿಗೆ ಬಂದ ಬಗೆ

ಪರಸ್ಥಳದಲ್ಲಿ ನೆಲಸಿ, ಊರಿನ ಜಮೀನಿನ ತಕರಾರಿಗಾಗಿ ತಾಲೂಕು ಕೋರ್ಟಿನ ವಾಯಿದೆಗೆ ರಜೆ ಹಾಕಿ ಓಡಿದವರು ನಮ್ಮಲ್ಲಿ ಕಡಿಮೆಯಿಲ್ಲ. ಮೊಕದ್ದಮೆ ಯಾವ ಊರಲ್ಲಿ ನಡೆಯುತ್ತದೆಂಬುದರ ಬೆಲೆ ಅವರಿಗೆ ಗೊತ್ತು. ದಕ್ಷಿಣ ಆಫ್ರಿಕದ ಗಣಿಕೂಲಿಗಳು ಇದೊಂದೇ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಮೂರೂವರೆ ವರ್ಷ ಹೋರಾಡಬೇಕಾಯಿತು.

1893ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ ಕೇಪ್ ಕಂಪೆನಿ ಉತ್ತರ ಕೇಪ್ ಪ್ರಾಂತದಲ್ಲಿ ನೀಲಿ ಕಲ್ನಾರನ್ನೂ ಪೆಂಗೆ ಎಂಬಲ್ಲಿ ಕಂದು ಕಲ್ನಾರನ್ನೂ ತೆಗೆಸುತ್ತಿತ್ತು. 1949ರ ಸುಮಾರಿಗೆ ಪೆಂಗೆಗೆ ಹೋದ ಸರಕಾರಿ ವೈದ್ಯರೊಬ್ಬರು ಕಂಡದ್ದು: ದೊಡ್ಡ ಗೋಣಿಚೀಲಗಳೊಳಗೆ ನಿಂತ ಚಿಕ್ಕ ಮಕ್ಕಳು, ತಲೆಯ ಮೇಲೆ ಸುರಿಯುವ ಕಲ್ನಾರನ್ನು ದಿನವಿಡೀ ತುಳಿಯುತ್ತಿದ್ದರು, ಕಾವಲಿಗೆ ಚಾಟಿ ಹಿಡಿದ ಮೇಸ್ತ್ರಿ. 1960ರಲ್ಲಿ ವಾಗ್ನರ್ ಮತ್ತು ಸಂಗಡಿಗರು ಅಪರೂಪದ ಎದೆಗೂಡಿನ ಕ್ಯಾನ್ಸರಿನ 33 ಪ್ರಕರಣಗಳನ್ನು ಪ್ರಕಟಿಸಿದರು. ಗಣಿಗೆ ಕಾಲಿಡದೆ ಬರಿಯ ನೆರೆಯಲ್ಲಿ ಬಾಳಿದವರೂ ಅವರಲ್ಲಿದ್ದರು. 1979ರಲ್ಲಿ ಕೇಪ್ ಗಣಿಗಳನ್ನು ಮಾರಿತು. 1989ರ ಹೊತ್ತಿಗೆ ಆ ದೇಶದಲ್ಲಿ ಅದಕ್ಕೆ ಆಸ್ತಿಯೇ ಉಳಿದಿರಲಿಲ್ಲ.

1997ರಲ್ಲಿ ಐವರು ಲಂಡನ್ನಿನಲ್ಲಿ ದಾವೆ ಹೂಡಿದರು. ಮುಂದೆ ಸಂಖ್ಯೆ ಮೂರು ಸಾವಿರ ದಾಟಿತು. "ಧೂಳು ಅಲ್ಲಿಯದು, ಸಾಕ್ಷಿಗಳು ಅಲ್ಲಿಯವರು, ವಿಚಾರಣೆಯೂ ಅಲ್ಲೇ ಆಗಲಿ" ಎಂಬುದು ಕಂಪೆನಿಯ ವಾದ. ನಮ್ಮ ಸುಪ್ರೀಂ ಕೋರ್ಟು ಒಂದು ರಾಜ್ಯದ ಕಡತವನ್ನು ಇನ್ನೊಂದಕ್ಕೆ ವರ್ಗಾಯಿಸಬಲ್ಲುದು. ದೇಶ ದೇಶಗಳ ನಡುವೆ ಹಾಗಲ್ಲ. ಇಲ್ಲಿ ತಡೆಯಾಜ್ಞೆ ಕೊಟ್ಟರೆ ವಾದಿ ಅಲ್ಲಿ ಮೊದಲಿನಿಂದ ಆರಂಭಿಸಬೇಕು. ಭೋಪಾಲದವರಿಗೆ ಆದದ್ದು ಅದೇ. ಭಾರತದ ಕೋರ್ಟುಗಳಿಗೆ ಈ ಹೊರೆ ಆಗದೆಂದು ನಮ್ಮ ಸರಕಾರವೇ ನ್ಯೂಯಾರ್ಕಿನಲ್ಲಿ ವಾದಿಸಿತ್ತು (ಎಂಥ ವಾದ!), 1986ರಲ್ಲಿ ನ್ಯಾಯಾಧೀಶ ಕೀನನ್ ಒಪ್ಪದೆ ಭಾರತಕ್ಕೇ ಹೋಗಿರೆಂದರು.

ಕೇಪ್ ವಿಷಯದಲ್ಲಿ 1999ರಲ್ಲಿ ಅಪೀಲು ಕೋರ್ಟು ತಡೆಯನ್ನು ಎತ್ತಿಹಿಡಿಯಿತು. ಆದರೆ 2000ದ ಜುಲೈ 20ರಂದು ಲಾರ್ಡ್ಸ್ ಸಭೆಯ ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಅದನ್ನು ತೆಗೆದುಹಾಕಿದರು. ವಿಚಾರಣೆಗೆ ದಕ್ಷಿಣ ಆಫ್ರಿಕವೇ ಹೆಚ್ಚು ತಕ್ಕ ಸ್ಥಳವೆಂದು ಲಾರ್ಡ್ ಬಿಂಗಮ್ ಒಪ್ಪಿದರು. ಆದರೆ ಅಲ್ಲಿ ಇಂಥ ದಾವೆಗಳಿಗೆ ಸರಕಾರಿ ಕಾನೂನು ನೆರವು ನಿಂತುಹೋಗಿತ್ತು. ಸಾವಿರಾರು ಬಡವರ ಪರ ವಕೀಲರನ್ನೂ ತಜ್ಞರನ್ನೂ ನಿಲ್ಲಿಸುವ ಹಣ ಯಾರಲ್ಲಿತ್ತು? ಅಲ್ಲಿಗೆ ಕಳಿಸುವುದೆಂದರೆ ನ್ಯಾಯ ನಿರಾಕರಿಸಿದಂತೆ ಎಂದರು. ನನಗೆ ಈ ತೀರ್ಪಿನಲ್ಲಿ ಮೆಚ್ಚಿಗೆಯಾಗುವುದು ಈ ಲೆಕ್ಕಾಚಾರವೇ.

2001ರ ಕೊನೆಗೆ 210 ಲಕ್ಷ ಪೌಂಡಿನ ರಾಜಿಯಾಯಿತು. ಕಂಪೆನಿ ಕೊಡಲಾರದೆ ಹೋಯಿತು. 2003ರಲ್ಲಿ 7,500 ಮಂದಿಗೆ ಕೇಪ್ ತೆತ್ತದ್ದು 75 ಲಕ್ಷ, ಸರಾಸರಿ ತಲೆಗೆ ಸಾವಿರ ಪೌಂಡು. ಗೆನ್‌ಕೋರ್ ಎಂಬ ಇನ್ನೊಂದು ಗಣಿ ಕಂಪೆನಿ ತನ್ನ ಪಾಲನ್ನು ಬೇರೆ ಕೊಟ್ಟಿತು. ಅಷ್ಟರೊಳಗೆ ವಾದಿಗಳಲ್ಲಿ ಅನೇಕರು ತೀರಿಕೊಂಡಿದ್ದರು.